ಹಾಲುಗಂಬಕ್ಕೆಂದು ಉಳಿಸಿದ ಮರ

ಬೆಳಗಿನ ಆರಕ್ಕೆ ಹೊರಡಬೇಕಾದ ದೊಡ್ಡಬಳ್ಳಾಪುರದ ಬಸ್ಸು ಏಳೂವರೆಯಾದರೂ ಕಲಾಸಿಪಾಳ್ಯದಲ್ಲೇ ಹೊಗೆ ಬಿಡುತ್ತ ನಿಂತಿತ್ತು. ಯುದ್ಧ ಶುರುವಾದ ಮೇಲೆ ಪೆಟ್ರೋಲೆಲ್ಲ ಮಿಲಿಟರಿಯವರ ಪಾಲಾಯಿತು. ನಮ್ಮ ಪಾಲಿಗೆ ಉಳಿದದ್ದು ಇದ್ದಿಲು ಬಸ್ಸು. ಹಿಂಬದಿಯಲ್ಲಿ ಹಂಡೆಯಂಥ ಕಬ್ಬಿಣದ ಒಲೆ, ಅದರ ತುಂಬ ಇದ್ದಿಲು. ಒಬ್ಬ ಆಳು ಬೆವರು ಸುರಿಸಿಕೊಂಡು ಗಾಳಿಯ ಚಕ್ರ ತಿರುಗಿಸುತ್ತಲೇ ಇರಬೇಕು. ಆ ಹೊಗೆ ಇಂಜಿನ್ನಿನ ಮರ್ಜಿಗೆ ಬಂದಾಗ ಬಸ್ಸು ಹೊರಡುತ್ತದೆ. ಅಲ್ಲಿಯವರೆಗೆ ನಾವು ಕೆಮ್ಮಿಕೊಂಡು ಕೂತಿರಬೇಕು, ಅದಕ್ಕೆ ಹತ್ತಾಣೆ ಬೇರೆ ಕೊಡಬೇಕು. "ಯಾಕ್ರೀ ಇಷ್ಟೊತ್ತು?" ಎಂದು ನಾನು ಕೂಗಿದ್ದಕ್ಕೆ ಕಂಡಕ್ಟರು, "ಇದ್ದಿಲು ಸರಿ ಇಲ್ಲ ಸ್ವಾಮಿ. ಈಗೀಗ ಎಳೇ ಮರಾನೂ ಸುಟ್ಟು ತರ್ತಾವ್ರೆ" ಎಂದ. ಆ ಮಾತು ಆಗ ನನ್ನ ತಲೆಗೆ ಹೋಗಲಿಲ್ಲ.

ನಾನು ಹೊರಟದ್ದು ಒಂದು ಕೊಂಬೆ ತರಲಿಕ್ಕೆ. ದೇವನಹಳ್ಳಿಯ ಆಚೆ ವಿಜಯಪುರದ ಹತ್ತಿರದ ಹಳ್ಳಿಗೆ ಕೊಟ್ಟಿರುವ ನಮ್ಮಕ್ಕನ ಮಗಳ ಮದುವೆ ಆ ಶುಕ್ರವಾರ. ನಮ್ಮಲ್ಲಿ ಮದುವೆಯ ಚಪ್ಪರಕ್ಕೆ ಮೊದಲು ನೆಡುವುದು ಹಾಲುಗಂಬ. ಕಡಿದ ಕಡೆ ಹಾಲು ಸುರಿಯುವ ಅತ್ತಿಮರದ ಹಸಿ ಕೊಂಬೆ ಅದು. ಹುಡುಗಿಯ ಸೋದರಮಾವನೇ ಅದನ್ನು ಕಡಿದು ಹೆಗಲ ಮೇಲೆ ಹೊತ್ತು ತರಬೇಕು. ತಾಯಿಯ ತವರಿನ ಮರವಾದರೆ ಇನ್ನೂ ಶ್ರೇಷ್ಠ. ಹಿಂದಿನ ತಿಂಗಳು ಸೀರೆ ಕೊಳ್ಳಲು ಬೆಂಗಳೂರಿಗೆ ಬಂದಿದ್ದ ಅಕ್ಕ ನನ್ನ ಕೈ ಹಿಡಿದುಕೊಂಡು ಹೇಳಿದ್ದಳು: "ನಿನ್ನ ಉಡುಗೊರೆ ಏನೂ ಬ್ಯಾಡ ಕಣೋ. ನಮ್ಮ ತೋಪಿನ ಅತ್ತಿ ಕಂಬ ಒಂದು ತಂದ್ಬಿಡು ಸಾಕು. ನಿನ್ನ ತವರಲ್ಲಿ ಏನೈತೆ, ಏನೈತೆ ಅಂತ ನಮ್ಮತ್ತೆ ಕಡೆಯವ್ರು ಇಷ್ಟು ವರ್ಷ ಆಡ್ಕಂಡ್ರು. ಇದಾದ್ರೂ ಐತೆ ಅಂತ ಆ ಹೆಂಗಸರ ಮುಂದೆ ನೆಟ್ಟು ತೋರಿಸ್ಬೇಕು ನಾನು." ಅಪ್ಪ ಅಮ್ಮ ತೀರಿಹೋದ ಮೇಲೆ ಅವಳು ತವರಿನ ಹೊಸ್ತಿಲು ತುಳಿದಿರಲಿಲ್ಲ. ನಾನೂ ಗಿರಣಿಯ ಕೆಲಸಕ್ಕೆ ಸೇರಿ ಬೆಂಗಳೂರಿನವನಾಗಿಬಿಟ್ಟಿದ್ದೆ. ಹಗಲೂ ರಾತ್ರಿ ಖಾಕಿ ಬಟ್ಟೆ ನೇಯುತ್ತಿದ್ದ ಗಿರಣಿಯಲ್ಲಿ ರಜೆ ಕೇಳಿದರೆ ಹುಲಿಯ ಹಾಲು ಕೇಳಿದಂತೆ ನೋಡುತ್ತಿದ್ದರು. ಅಂತೂ ಕಾಡಿ ಬೇಡಿ ರಜೆ ಪಡೆದು, ಕೈಚೀಲದಲ್ಲಿ ಅರಿಸಿನ ಕುಂಕುಮ ತೆಂಗಿನಕಾಯಿ ಇಟ್ಟುಕೊಂಡು ಹೊರಟಿದ್ದೆ.

ಯಲಹಂಕ ದಾಟಿದ ಮೇಲೆ ಏರು ಬಂದಲ್ಲೆಲ್ಲ ಬಸ್ಸು ಉಸಿರುಕಟ್ಟಿ ನಿಲ್ಲುತ್ತಿತ್ತು. ನಾವೆಲ್ಲ ಇಳಿದು ತಳ್ಳಬೇಕು. ಕಾಸು ಕೊಟ್ಟು ಬಸ್ಸು ತಳ್ಳುವ ಭಾಗ್ಯ ಯಾರಿಗುಂಟು ಯಾರಿಗಿಲ್ಲ! ನನ್ನ ಪಕ್ಕ ಹೆಗಲು ಕೊಟ್ಟವನು ರಜೆಯ ಮೇಲೆ ಊರಿಗೆ ಹೊರಟಿದ್ದ ಒಬ್ಬ ಸಿಪಾಯಿ. ದೂರದ ಮಿಸ್ರ ದೇಶಕ್ಕೆ, ಅಂದರೆ ಈಜಿಪ್ಟಿಗೆ, ಯುದ್ಧಕ್ಕೆ ಹೋಗಿ ಬಂದವನಂತೆ. ಮರಳುಗಾಡು ಹೇಗಿರುತ್ತದೆ ಎಂದು ಕೇಳಿದೆ. ಅವನು ಬೀಡಿ ಹಚ್ಚುತ್ತ ದೊಡ್ಡಬಳ್ಳಾಪುರದ ಕಡೆಯ ಬಯಲನ್ನು ತೋರಿಸಿ, "ಹಿಂಗೇ ಇರ್ತದೆ. ಅಲ್ಲಿ ಮರಳು ಬೆಳ್ಳಗೆ, ಇಲ್ಲಿ ಕೆಂಪಗೆ, ಅಷ್ಟೇಯ" ಎಂದ. ನನಗೆ ಸಿಟ್ಟು ಬಂತು. ಎಲಾ ಇವನ, ನಾಲ್ಕು ದಿನ ಹಡಗಿನಲ್ಲಿ ಓಡಾಡಿ ಬಂದು ನಮ್ಮ ಸೀಮೆಯನ್ನೇ ಹಳಿಯುತ್ತಾನಲ್ಲ ಎಂದುಕೊಂಡೆ. ದೊಡ್ಡಬಳ್ಳಾಪುರ ಬರುವವರೆಗೂ ಅವನೊಡನೆ ಮಾತಾಡಲಿಲ್ಲ.

ದೊಡ್ಡಬಳ್ಳಾಪುರದಲ್ಲಿ ಇಳಿದಾಗ ಹೊತ್ತು ನೆತ್ತಿಗೇರಿತ್ತು. ಹೋಟೆಲಿನಲ್ಲಿ ಅಕ್ಕಿಯ ಅಭಾವ, ಇಡ್ಲಿ ಇಲ್ಲ. ರಾಗಿ ದೋಸೆ ತಿಂದು ನೀರು ಕೇಳಿದರೆ ಒಂದೇ ಲೋಟ. ತೂಬಗೆರೆಯ ಬಸ್ಸು ಇದ್ದಿಲು ಮುಗಿದು ಎಲ್ಲೋ ನಿಂತಿದೆಯೆಂದು ಸುದ್ದಿ. ಕೊನೆಗೆ ಪೇಟೆಯಲ್ಲಿ ಇದ್ದಿಲು ಇಳಿಸಿ ಖಾಲಿ ವಾಪಸಾಗುತ್ತಿದ್ದ ಎತ್ತಿನ ಗಾಡಿಯೊಂದನ್ನು ಹಿಡಿದೆ. ಗಾಡಿಯವನು ಗೋಣಿಚೀಲ ಹಾಸಿದ. ಆದರೂ ಊರು ಬಿಡುವಷ್ಟರಲ್ಲಿ ನನ್ನ ಬಿಳೀ ಪಂಚೆ ಕರೀ ಕಂಬಳಿಯಾಯಿತು.

ಎದುರಿನಿಂದ ಗಾಡಿಗಳು ಬರುತ್ತಲೇ ಇದ್ದವು, ಎಲ್ಲವೂ ಇದ್ದಿಲಿನವೇ. ಮೊದಮೊದಲು ಎಣಿಸಿದೆ, ಆಮೇಲೆ ಬೇಸತ್ತು ಬಿಟ್ಟೆ. ದಾರಿಯ ಇಕ್ಕೆಲದ ಹೊಂಗೆ ಸಾಲು ಎಲ್ಲಿ ಹೋಯಿತೆಂದು ನೋಡುತ್ತಿದ್ದೆ. ಹುಡುಗನಾಗಿದ್ದಾಗ ಆ ನೆರಳಿನಲ್ಲಿ ಬರಿಗಾಲಲ್ಲಿ ತೂಬಗೆರೆಯ ಸಂತೆಗೆ ನಡೆದವನು ನಾನು. ಈಗ ದಾರಿಯುದ್ದಕ್ಕೂ ಗುಂಡಿಗಳು. ಮರ ಹೋಗಿದ್ದು ಸಾಲದೆ ಬೇರುಗಡ್ಡೆಯನ್ನೂ ಅಗೆದು ತೆಗೆದಿದ್ದರು.

"ಏನಪ್ಪಾ, ಇದು ಯಾವ ಮರದ ಇದ್ದಿಲು?" ಎಂದು ಗಾಡಿಯವನನ್ನು ಕೇಳಿದೆ.

"ಸುಟ್ಟ ಮ್ಯಾಲೆ ಮರಕ್ಕೆ ಯಾವ ಜಾತಿ ಸ್ವಾಮಿ?" ಎಂದು ಅವನು ಎತ್ತಿನ ಬಾಲ ಮುರಿದ. ತೂಬಗೆರೆ ದಾಟಿ ಎರಡು ಮೈಲಿ ಹೋದ ಮೇಲೆ ಹಗ್ಗ ಎಳೆದು ಗಾಡಿ ನಿಲ್ಲಿಸಿ, "ಇಳೀರಿ, ನಿಮ್ಮೂರು ಬಂತು" ಎಂದ. ನಾನು "ಇದಲ್ಲ ಕಣಯ್ಯ, ಇನ್ನೂ ಮುಂದೆ, ದಾರಿ ಪಕ್ಕ ದೊಡ್ಡ ತೋಪು ಬರ್ತದೆ ನೋಡು" ಎಂದೆ. ಅವನು ನನ್ನ ಕೆಳಗಿನ ಮಸಿ ಮೆತ್ತಿದ ಗೋಣಿಚೀಲ ತೋರಿಸಿದ. "ತೋಪು ಬರಾಕಿಲ್ಲ ಸ್ವಾಮಿ. ಆ ತೋಪಿನ ಮ್ಯಾಲೇ ಕುಂತ್ಕಂಡು ಬಂದ್ರಿ ನೀವು" ಎಂದ.

ಹುಟ್ಟಿದ ಊರಿನ ಗುರುತು ಹತ್ತದೆ ನಡುದಾರಿಯಲ್ಲಿ ನಿಂತವನ ಪಾಡು ಶತ್ರುವಿಗೂ ಬೇಡ. ಮಾವು, ಹಲಸು, ನೇರಳೆ, ಹುಣಸೆ ಸೇರಿ ಹಗಲಲ್ಲೇ ಕತ್ತಲೆ ಕವಿಯುತ್ತಿದ್ದ ಗುಂಡುತೋಪು ಅದು. ಊರಿನ ಒಂದೊಂದು ಮನೆಯ ಹಿರಿಯನೂ ಒಂದೊಂದು ಮರ ನೆಟ್ಟಿದ್ದ. ಈಗ ಅಲ್ಲಿ ಬಿಸಿಲು ಕಾಯುತ್ತ ಕೆಂಪು ನೆಲ ಬಿದ್ದಿತ್ತು. ಗಾಳಿ ಬೀಸಿದಾಗಲೆಲ್ಲ ಮಣ್ಣು ಎದ್ದು ಊರ ಮೇಲೆ ಹೋಗುತ್ತಿತ್ತು. ಬಯಲಿನ ಆ ತುದಿಯಲ್ಲಿ ಕೆರೆಯ ಏರಿಗೆ ಒತ್ತಿಕೊಂಡು ಒಂದೇ ಒಂದು ಮರ ಕಂಡಿತು. ನಮ್ಮ ಅತ್ತಿಮರ. ಸದ್ಯ, ಅದಾದರೂ ಇದೆಯಲ್ಲ ಎಂದು ಸಮಾಧಾನಪಟ್ಟುಕೊಂಡು ಚಿಕ್ಕಪ್ಪನ ಮನೆಗೆ ನಡೆದೆ.

ಚಿಕ್ಕಪ್ಪ ಮುನಿಯಪ್ಪ, ನಮ್ಮಪ್ಪನ ತಮ್ಮ, ನನ್ನನ್ನು ಕಂಡು ಹಿರಿಹಿರಿ ಹಿಗ್ಗಿದ. ಬಡತನವನ್ನು ನಿರೀಕ್ಷಿಸಿ ಹೋದವನಿಗೆ ಅಲ್ಲಿ ಕಂಡದ್ದು ಬೇರೆ. ಹುಲ್ಲಿನ ಮನೆಗೆ ಮಂಗಳೂರು ಹೆಂಚು ಬಂದಿತ್ತು, ಜಗಲಿಗೆ ಗಾರೆ, ಚಿಕ್ಕಮ್ಮನ ಕಿವಿಗೆ ಕೆಂಪಿನ ಓಲೆ. ಬೆಳ್ಳಿ ಲೋಟದಲ್ಲಿ ಕಾಫಿ ಕೊಟ್ಟರು. ಮೈಯೆಲ್ಲ ಮಸಿ, ಸ್ನಾನಕ್ಕೆ ಒಂದಿಷ್ಟು ನೀರು ಕಾಯಿಸಿ ಎಂದೆ. ಚಿಕ್ಕಪ್ಪ ನಕ್ಕುಬಿಟ್ಟ.

"ಹನುಮಂತರಾಯ ಹಗ್ಗ ತಿನ್ನೋವಾಗ ಪೂಜಾರಿ ಶಾವಿಗೆ ಕೇಳಿದ್ನಂತೆ. ಕಾಫಿ ಎಷ್ಟು ಬೇಕಾದ್ರೂ ಕುಡಿ ಕಣಪ್ಪಾ, ಸ್ನಾನ ಮಾತ್ರ ಕೇಳ್ಬ್ಯಾಡ. ಮೂರು ದಿನಕ್ಕೊಂದು ಸಾರಿ ನಮ್ಗೆ."

"ಇದೆಲ್ಲ ಹೆಂಗಾಯ್ತು ಚಿಕ್ಕಪ್ಪ?" ಎಂದೆ.

"ಹೆಂಗಾಯ್ತು ಅಂದ್ರೆ? ಒಂದಿನದಲ್ಲಿ ಆಯ್ತಾ ಇದು?" ಎಂದು ಅವನು ಎಲೆಅಡಿಕೆ ಹಾಕಿಕೊಂಡ. ಮೊದಲು ಬೆಟ್ಟದ ತಪ್ಪಲಿನ ಕುರುಚಲು ಕಾಡು ಬೆಂಗಳೂರಿನ ಸೌದೆ ಮಂಡಿಗಳಿಗೆ ಹೋಯಿತಂತೆ. ಅದು ನಮ್ಮದಲ್ಲವಲ್ಲ ಎಂದು ಊರವರು ಸುಮ್ಮನಿದ್ದರು. ಕಾಡು ಹೋದ ಮೇಲೆ ಮಳೆ ಬಿದ್ದಾಗಲೆಲ್ಲ ಬೆಟ್ಟದ ಮಣ್ಣು ಇಳಿದು ಕೆರೆಗೆ ಬಂತು. ಹಿಂದೆ ಬೇಸಿಗೆಯಲ್ಲಿ ಮನೆಗೊಂದು ಗಾಡಿ ಕಟ್ಟಿ ಕೆರೆಯ ಹೂಳು ಹೊತ್ತು ಹೊಲಕ್ಕೆ ಹಾಕುವುದು ನಮ್ಮೂರ ಕಟ್ಟು. ಅಷ್ಟರಲ್ಲಿ ಯುದ್ಧ ಬಂತು, ಇದ್ದಿಲಿಗೆ ಚಿನ್ನದ ಬೆಲೆ ಬಂತು. ಎತ್ತು ಗಾಡಿಗಳೆಲ್ಲ ಇದ್ದಿಲು ಹೊರಲು ಹೋದವು.

"ಹೂಳು ಹೊತ್ರೆ ಯಾವನು ಕಾಸು ಕೊಡ್ತಾನೆ ಹೇಳು? ಕೆರೆ ತುಂಬ್ಲಿಲ್ಲ. ಬಾವಿ ಕೆಳಗೋಯ್ತು. ತೋಪಿನ ಮರ ಒಣಗಾಕೆ ಶುರುವಾಯ್ತು. ಒಣಗೋ ಮರ ಇಟ್ಕಂಡು ಪೂಜೆ ಮಾಡಾಕಾಯ್ತದಾ? ಕಟ್ಟೆ ಮ್ಯಾಲೆ ಎಲ್ರೂ ಕುಂತು ಒಪ್ಕಂಡೇ ಕೊಟ್ವಿ."

"ಒಣಗಿದ್ದು ಮಾತ್ರ ಕೊಟ್ರಾ?"

ಚಿಕ್ಕಪ್ಪ ಉಗುಳಲು ಎದ್ದು ಹೋದ. ವಾಪಸು ಬಂದು ಕೂತ ಮೇಲೆ, "ಹಸೀದ್ರಲ್ಲೂ ಇದ್ದಿಲು ಬರ್ತದೆ" ಎಂದ.

ನನ್ನ ನಾಲಿಗೆ ಕೆಟ್ಟದ್ದು. "ಬೇಲಿಯೇ ಎದ್ದು ಹೊಲ ಮೇಯ್ದ್ರೆ ಯಾರಿಗೆ ಹೇಳೋದು! ನಮ್ಮಜ್ಜ ನೆಟ್ಟ ಹಲಸಿನ ಮರಾನೂ ಸುಟ್ಟು ಓಲೆ ಮಾಡಿಸ್ದೆ ಅನ್ನು" ಎಂದುಬಿಟ್ಟೆ. ಚಿಕ್ಕಮ್ಮ ಒಳಗೆ ಹೋದಳು. ಚಿಕ್ಕಪ್ಪನಿಗೆ ಕೋಪ ಬಂದರೂ ಬಾಯಲ್ಲಿ ಬಂದದ್ದು ಬೇರೆ ಮಾತು: "ನೀನು ಬಂದಿದ್ದು ಯಾವುದ್ರಲ್ಲಪ್ಪಾ? ಇದ್ದಿಲು ಬಸ್ಸಲ್ಲೇ ತಾನೆ? ಅದೇನು ಗಾಳಿ ಕುಡ್ಕಂಡು ಓಡ್ತದಾ?" ಹುರಳಿ ಸಾರು ಮುದ್ದೆ ಉಂಡು ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಮಲಗಿದೆವು.

ನಿದ್ದೆ ಹತ್ತುವ ಮುಂಚೆ ಅವನೇ ಕತ್ತಲಲ್ಲಿ ಹೇಳಿದ: "ಆದ್ರೂ ನಾವೇನು ಧರ್ಮಗೆಟ್ಟವರಲ್ಲ ಕಣಪ್ಪಾ. ಕಂಟ್ರಾಕ್ಟ್ರು ಏನು ಕೊಡ್ತೀನಂದ್ರೂ ಅತ್ತಿ ಮರ ಮಾತ್ರ ಮುಟ್ಟಾಕೆ ಬಿಡ್ಲಿಲ್ಲ. ಹಾಲುಗಂಬಕ್ಕೆ ಅಂತ ಉಳಿಸಿದ್ದೀವಿ. ನಾಳೆ ದೊಡ್ಡಮ್ಮನ್ನ ಕೇಳಿ ಕಡ್ಕೋ."

ದೊಡ್ಡಮ್ಮ ಎಂದರೆ ನಮ್ಮ ದೊಡ್ಡಪ್ಪನ ಹೆಂಡತಿ. ಆ ಮರದ ಕಾವಲು ಅವಳದೇ. ನಮಗೆ ತಿಳಿವಳಿಕೆ ಬಂದಾಗಿನಿಂದಲೂ ಒಂದು ಕೋಲು ಹಿಡಿದು ಅಲ್ಲೇ ಇರುತ್ತಿದ್ದಳು. ಅವಳದೊಂದು ಕಟ್ಟಳೆ ಇತ್ತು. ಹಾಲುಗಂಬಕ್ಕೆ ಬಂದವನು ಎಂಥ ಗೌಡನೇ ಆಗಲಿ, ಮೊದಲು ಬಿಂದಿಗೆ ಹೊತ್ತು ಕೆರೆಯ ನೀರು ತಂದು ಬುಡಕ್ಕೆ ಹಾಕಬೇಕು. "ಉಣ್ಣಾಕಿಕ್ದೆ ಮಗು ಕೈ ಕಡ್ಯಾಕೆ ಬರ್ತೀಯೇನೋ?" ಎಂದು ಕೋಲು ಎತ್ತುತ್ತಿದ್ದಳು. ಮರ ನೀರು ಕುಡಿದ ಮೇಲೆ ಯಾವ ಕೊಂಬೆ ಎಂದು ಅವಳೇ ತೋರಿಸಬೇಕು. ತೋರಿಸಿದ್ದನ್ನು ಬಿಟ್ಟು ಒಂದು ಎಲೆ ಕಿತ್ತರೂ ಬೈಗುಳದ ಮಳೆ. ನೀರು ಹೊರುವುದರಲ್ಲಿ ಅವಳ ಬಲಗೈ ನಮ್ಮಕ್ಕ. ಮದುವೆಯಾಗಿ ಹೋಗುವ ದಿನವೂ ಒಂದು ಬಿಂದಿಗೆ ಹಾಕಿ, ಮರ ತಬ್ಬಿಕೊಂಡು ಅತ್ತು ಗಾಡಿ ಹತ್ತಿದವಳು ಅವಳು.

ಬೆಳಿಗ್ಗೆ ಕೊಡಲಿ ಹಿಡಿದು ಹೋದೆ. ದೂರದಿಂದ ಮರವೆಂದು ಕಂಡದ್ದು ಹತ್ತಿರ ಹೋದರೆ ಬರೀ ಕಾಂಡ. ಕೊಂಬೆ ಇದ್ದಲ್ಲೆಲ್ಲ ಕಡಿದ ಮೋಟು. ಒಂದೊಂದು ಮೋಟಿಗೂ ಅರಿಸಿನ ಕುಂಕುಮ ಬಳಿದಿತ್ತು, ಕೆಲವಕ್ಕೆ ಒಣಗಿದ ಹೂವಿನ ಸರವೂ ಇತ್ತು. ಸುತ್ತಿನ ಊರುಗಳ ತೋಪೆಲ್ಲ ಹೋದ ಮೇಲೆ ಎಲ್ಲರ ಮದುವೆಗೂ ಇದೇ ಮರವಾಗಿತ್ತು. ಇದ್ದಿಲಿನವನ ಕೊಡಲಿಯಿಂದ ಉಳಿದದ್ದನ್ನು ಸೋದರಮಾವಂದಿರು ಕೈಮುಗಿದು ಕಾಯಿ ಒಡೆದು ಮುಗಿಸಿದ್ದರು. ಥೂ ನಮ್ಮ ಜನ್ಮಕ್ಕಿಷ್ಟು ಎನ್ನಿಸಿತು. ನಾನು ಬಂದಿರುವುದೂ ಅದೇ ಕೆಲಸಕ್ಕೆ ಎಂಬುದು ಕೈಯಲ್ಲಿದ್ದ ಕೊಡಲಿ ನೋಡಿದಾಗ ನೆನಪಾಯಿತು. ಮೇಲೆ ತೆಂಕಣ ಬದಿಗೆ ಒಂದೇ ಒಂದು ಕೊಂಬೆ ಉಳಿದಿತ್ತು, ನನ್ನ ತೋಳಿನಷ್ಟು ದಪ್ಪ. ಅದರ ತುದಿಯಲ್ಲಿ ಏಳೆಂಟು ಬಾಡಿದ ಎಲೆ.

ದೊಡ್ಡಮ್ಮ ಬುಡದಲ್ಲಿ ಕೂತಿದ್ದಳು. ಕೋಲು ಮಡಿಲಲ್ಲಿತ್ತು. "ಯಾರಪ್ಪಾ?" ಎಂದಳು. ಹೆಸರು ಹೇಳಿದೆ, ಅಕ್ಕನ ಮಗಳ ಮದುವೆ ಎಂದೆ. ಅಕ್ಕನ ಹೆಸರು ಕೇಳಿ ಅವಳ ಮುಖ ಅರಳಿತು. "ಅವಳ್ದಾ? ನನ್ನ ನೀರಿನ ಹುಡುಗೀದಾ?" ಎಂದು ಎರಡೆರಡು ಸಲ ಕೇಳಿದಳು. ಆಮೇಲೆ ಪಕ್ಕದಲ್ಲಿದ್ದ ಹಿತ್ತಾಳೆ ಬಿಂದಿಗೆಯನ್ನು ಕೋಲಿನಿಂದ ತಳ್ಳಿ, "ಕಟ್ಟಳೆ ಗೊತ್ತಲ್ಲ. ಹೋಗು, ನೀರು ತಾ" ಎಂದಳು.

ಏರಿ ಹತ್ತಿದೆ. ಕೆರೆಯ ಅಂಗಳದಲ್ಲಿ ಮಣ್ಣು ಮೆತ್ತಿದ ಇದ್ದಿಲು ಗೂಡುಗಳು ಸಾಲಾಗಿ ಹೊಗೆಯಾಡುತ್ತಿದ್ದವು. ನಾವು ಈಜು ಕಲಿತ ಜಾಗದಲ್ಲೇ ಅವು ಉರಿಯುತ್ತಿದ್ದವು. ತೂಬಿನ ಕಲ್ಲು ಅರ್ಧ ಹೂಳಿನಲ್ಲಿ ಮುಚ್ಚಿಹೋಗಿತ್ತು. ಕೆರೆಯ ಹಿಂದಿನ ಗದ್ದೆಯ ಬಯಲಿನಲ್ಲಿ ಈಗ ಕಳ್ಳಿ ಬೆಳೆದಿತ್ತು. ಗುಡಿಯ ಹಿಂದಿನ ಬಾವಿಗೆ ಹೋದೆ, ಕಲ್ಲು ಹಾಕಿದರೆ ಕಲ್ಲಿನ ಸದ್ದೇ ಕೇಳಿತು. ಕೊನೆಗೆ ಒಂದು ಮೈಲಿ ಆಚೆ ಹಳ್ಳದಲ್ಲಿ ಹೆಂಗಸರು ಮರಳು ತೋಡಿ ನೀರು ಒಸರುವ ಊಟೆ ಮಾಡಿಕೊಂಡು, ಚಿಪ್ಪಿನಲ್ಲಿ ಮೊಗೆಯುತ್ತ ಕೂತಿದ್ದರು. ಸರದಿಯಲ್ಲಿ ನಾನೂ ಕೂತೆ. ಹಾಲುಗಂಬಕ್ಕೆ ಎಂದಾಗ ಒಬ್ಬಳು, "ಮರಕ್ಕಾ? ಮಕ್ಕಳಿಗೇ ಇಲ್ಲ!" ಎಂದು ಮೂತಿ ತಿರುವಿದಳು. ಆದರೂ ಜಾಗ ಬಿಟ್ಟಳು. ಬಿಂದಿಗೆ ಅರ್ಧ ತುಂಬುವಷ್ಟರಲ್ಲಿ ಬಿಸಿಲೇರಿತು. ಅದರಲ್ಲೂ ಅರ್ಧ ಕೆಸರು. ಹೊತ್ತು ತರುವಾಗ ಒಂದು ಹನಿ ಚೆಲ್ಲದಂತೆ ನಡೆದೆ.

ದೊಡ್ಡಮ್ಮ ಬಿಂದಿಗೆಯೊಳಗೆ ಕೈ ಹಾಕಿ ನೋಡಿದಳು. ಮರದ ಕಡೆ ತಿರುಗಿ ತೊಗಟೆಯ ಮೇಲೆ ಅದೇ ಒದ್ದೆ ಕೈಯಾಡಿಸಿದಳು. ನಾನು ಬುಡಕ್ಕೆ ಸುರಿಯಲೆಂದು ಬಿಂದಿಗೆ ಎತ್ತಿದೆ.

"ಬ್ಯಾಡ" ಎಂದಳು.

"ಕಟ್ಟಳೆ ದೊಡ್ಡಮ್ಮ?"

"ಬ್ಯಾಡ ಅಂದ್ನಲ್ಲ. ತಾ ಇಲ್ಲಿ. ಮನೇಲಿ ನೆನ್ನೆಯಿಂದ ಒಂದು ತೊಟ್ಟಿಲ್ಲ. ಗಂಜಿ ಕಾಯಿಸ್ಕೋತೀನಿ." ಬಿಂದಿಗೆಯನ್ನು ನನ್ನ ಕೈಯಿಂದ ಕಿತ್ತು ಸೊಂಟಕ್ಕೆ ಇಟ್ಟುಕೊಂಡಳು. ಕೋಲನ್ನು ಮರಕ್ಕೆ ಒರಗಿಸಿದಳು. "ಕಡ್ಕೋ ಹೋಗು" ಎಂದು ತಿರುಗಿ ನೋಡದೆ ಊರಿನ ಕಡೆ ನಡೆದಳು. ನಾನು ಕೂಗಿದೆ, ಅವಳು ನಿಲ್ಲಲಿಲ್ಲ.

ಬರಿಗೈಯಲ್ಲಿ ಹೋದರೆ ಅಕ್ಕ ಆ ಹೆಂಗಸರ ಮುಂದೆ ತಲೆ ಎತ್ತುವುದು ಹೇಗೆ? ಅರಿಸಿನ ಕುಂಕುಮ ಇಟ್ಟು ಕಾಯಿ ಒಡೆದು ಮರ ಹತ್ತಿದೆ. ಮೂರು ಏಟಿಗೆ ಕೊಂಬೆ ಬಿತ್ತು. ಕಡಿದ ಜಾಗಕ್ಕೆ ಬೆರಳಿಟ್ಟೆ, ಒಣಗಿತ್ತು. ಕೊಡಲಿಯ ತುದಿಯಿಂದ ಕಾಂಡವನ್ನು ಅಲ್ಲಲ್ಲಿ ಕೆತ್ತಿ ನೋಡಿದೆ. ಎಲ್ಲಿಯೂ ಹಾಲಿಲ್ಲ. ದೊಡ್ಡಮ್ಮನಿಗೆ ಮೊದಲೇ ಗೊತ್ತಿತ್ತು. ನಾನು ಆ ಕೊಂಬೆಯನ್ನು ತೊಡೆಯ ಮೇಲಿಟ್ಟುಕೊಂಡು ಅತ್ತೆ. ಹೇಳಿಕೊಳ್ಳಲು ನಾಚಿಕೆಯಿಲ್ಲ.

ಚಿಕ್ಕಪ್ಪ ಆವತಿಯವರೆಗೆ ಗಾಡಿ ಕಟ್ಟಿಸಿಕೊಟ್ಟ. ಆವತಿಯ ಬೆಟ್ಟ ಕಾಣುವ ತನಕ ದಾರಿಯಲ್ಲಿ ಸೌದೆ ಗಾಡಿ, ಇದ್ದಿಲು ಗಾಡಿ ಬಿಟ್ಟರೆ ಬೇರೆ ನೋಟವಿಲ್ಲ. ಕೊಂಬೆಗೆ ಒದ್ದೆ ಬಟ್ಟೆ ಸುತ್ತಿಕೊಳ್ಳೋಣವೆಂದರೆ ಬಟ್ಟೆ ಒದ್ದೆ ಮಾಡುವುದು ಯಾವುದರಲ್ಲಿ? ಆವತಿಯಲ್ಲಿ ದೇವನಹಳ್ಳಿಯ ಬಸ್ಸು ಹತ್ತುವಾಗ ಡ್ರೈವರು ಇಳಿದು ಒಲೆಗೆ ಇದ್ದಿಲು ತುಂಬಿಸುತ್ತಿದ್ದ. ನನ್ನ ಹೆಗಲ ಮೇಲಿನ ಕೊಂಬೆ ನೋಡಿ, "ಒಳ್ಳೇ ಒಣಗಿದ ಮರ ಯಜಮಾನ್ರೇ. ಕೊಟ್ಟುಬಿಡಿ, ದೇವನಹಳ್ಳಿವರೆಗೂ ಬಿಟ್ಟಿ ಬಿಡ್ತೀನಿ" ಎಂದು ನಕ್ಕ. ಬಸ್ಸಿನವರೆಲ್ಲ ನಕ್ಕರು. ಬೇರೆ ದಿನವಾಗಿದ್ದರೆ ಅವನ ಜನ್ಮ ಜಾಲಾಡುತ್ತಿದ್ದೆ. ಅಂದು ಕೊಂಬೆಯನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತ ಕೂತೆ. ದೇವನಹಳ್ಳಿಯಲ್ಲಿ ಬಸ್ಸು ಬದಲಿಸಿ, ವಿಜಯಪುರದಲ್ಲಿ ಇಳಿದು ಅಕ್ಕನ ಹಳ್ಳಿ ಮುಟ್ಟುವಾಗ ಇಳಿಹೊತ್ತು.

ಅಕ್ಕ ಊರ ಬಾಗಿಲಲ್ಲೇ ಕಾದಿದ್ದಳು. ಕಂಬ ಕಂಡ ಕೂಡಲೇ ಓಡಿ ಬಂದು, "ಬಂದ್ಯಾ! ತಂದ್ಯಾ!" ಎಂದು ತನ್ನ ಸೆರಗಿನಿಂದ ನನ್ನ ಮುಖದ ಮಸಿ ಒರೆಸಿದಳು. ಆಮೇಲೆ ಕೇಳಿದ್ದು ಒಂದೇ ಮಾತು: "ದೊಡ್ಡಮ್ಮ ಎಷ್ಟು ಬಿಂದಿಗೆ ಹುಯ್ಯಿಸಿದ್ಳು ನಿನ್ನ ಕೈಲಿ?"

ಸುಳ್ಳು ಹೇಳೋಣವೆಂದು ದಾರಿಯುದ್ದಕ್ಕೂ ಸಿದ್ಧ ಮಾಡಿಕೊಂಡಿದ್ದೆ. ಬಾಯಲ್ಲಿ ನಿಜವೇ ಬಂತು. "ತಂದೆ ಕಣಕ್ಕ. ಅವಳೇ ಬ್ಯಾಡ ಅಂದ್ಳು."

ಅಕ್ಕ ಬಗ್ಗಿ ಕೊಂಬೆಯ ಕಡಿದ ತುದಿಗೆ ಹೆಬ್ಬೆಟ್ಟು ಒತ್ತಿದಳು, ಬೆರಳನ್ನು ಬೆಳಕಿಗೆ ಹಿಡಿದು ನೋಡಿದಳು. "ಬಾ, ಹಸಿದಿರ್ತೀಯ" ಎಂದು ಒಳಗೆ ಕರೆದುಕೊಂಡು ಹೋದಳು.

ಮಾರನೆಯ ದಿನ ಗುಂಡಿಯಲ್ಲಿ ಕಂಬ ನಿಲ್ಲಿಸಿದೆವು. ಅರಿಸಿನದ ದಾರ ಕಟ್ಟಿದ ಮೇಲೆ ಮುತ್ತೈದೆಯರು ಒಂದು ಚಮಚ ಹಾಲು ತೋರಿಸಿ ಬಿಡುವುದು ಪದ್ಧತಿ. ಅಕ್ಕ ಒಳಗಿನಿಂದ ಚೊಂಬು ತುಂಬ ಹಾಲು ತಂದಳು. ಮನೆಯಲ್ಲಿ ಮಕ್ಕಳಿಗೆಂದು ಇಟ್ಟಿದ್ದ ಹಾಲು. ಕಂಬದ ನೆತ್ತಿಯ ಮೇಲೆ, ತುದಿ ಸವರಿದ ಜಾಗಕ್ಕೇ, ನಿಧಾನವಾಗಿ ಸುರಿದಳು. ತೊಗಟೆಯ ಬಿರುಕಿನಲ್ಲೆಲ್ಲ ಇಳಿದು ಹಾಲು ನೆಲಕ್ಕೆ ಹರಿಯಿತು. ಆಮೇಲೆ ಚಪ್ಪರಕ್ಕೆ ಬಂದ ಅವಳ ಅತ್ತೆಯ ತಂಗಿ, ಕಂಬದ ಮೈಯೆಲ್ಲ ಬೆಳ್ಳಗೆ ಸೋರುತ್ತಿದ್ದುದನ್ನು ಕಂಡು ಮೂಗಿನ ಮೇಲೆ ಬೆರಳಿಟ್ಟಳು.

"ಅಬ್ಬಬ್ಬ! ಎಲ್ಲಿಯ ಮರಾನವ್ವ ಇದು? ಹೆಂಗೆ ಸುರೀತದೆ ಹಾಲು!"

ಅಕ್ಕ ಖಾಲಿ ಚೊಂಬನ್ನು ಸೆರಗಿನ ಮರೆಗೆ ಹಿಡಿದು, ತಲೆ ಎತ್ತಿಯೇ ಹೇಳಿದಳು: "ನಮ್ಮ ತವರಿಂದು ಕಣಮ್ಮ. ಅಲ್ಲಿ ಬೇಕಾದಷ್ಟವೆ."